ಅಂಕಣದಲ್ಲಿ ಹಿಡಿಸಿದ ಪದ

ಬೆಟಗೇರಿ
ಫೆಬ್ರವರಿ 30, 2188

ಸ್ಥಿತಿಹಲಗೆಯನ್ನು ಕನ್ನಡಕ್ಕೆ ತರುತ್ತಿರುವ ಸ್ವಯಂಸೇವಕರಿಗೆ,

ತಂಪುಮನೆಗಳ ಬಾಗಿಲು ಎಣಿಕೆಯ ತಪ್ಪನ್ನು ಸರಿಪಡಿಸುವ ಹನ್ನೊಂದು ಸಾಲುಗಳ ತೇಪೆ ನಿನ್ನೆ ಬೆಳಿಗ್ಗೆ 11 ಗಂಟೆ 40 ನಿಮಿಷಕ್ಕೆ ಎರಡನೆಯ ಸಲ 'ನೋಡೋಣ' ಸ್ಥಿತಿಗೆ ಹೋಗಿದೆ. ಮೊದಲ ಸಲ ಅದು ಆ ಸ್ಥಿತಿಗೆ ಹೋದದ್ದು ಹತ್ತು ವರ್ಷಗಳ ಹಿಂದೆ. ಹೋದದ್ದು ಹೊರಗೆ ಬರಲಿಲ್ಲ. ಕಳೆದ ಏಪ್ರಿಲ್‌ನಲ್ಲಿ, ಆ ತೇಪೆ ಸರಿಪಡಿಸಬೇಕಿದ್ದ ತಪ್ಪಿನಿಂದಾಗಿಯೇ ಒಬ್ಬ ಹೆಂಗಸು ಬಾಗಿಲು ತೆರೆಯದೆ ಬಿಸಿಲಿಗೆ ಸಿಕ್ಕಿ ಸತ್ತರು. ನಿನ್ನೆಯ ಬದಲಾವಣೆಯನ್ನು ತಿಳಿಸಿದವರು ಬಾಗಿಲು ಓಲೆಸಾಲಿನ ಕಾರ್ಯದರ್ಶಿ. ಪತ್ರಿಕೆಗಳಿಗೆ ಕಳುಹಿಸಿದ ಎರಡು ಸಾಲಿನ ಟಿಪ್ಪಣಿಯಲ್ಲಿ ಅವರು ಇದನ್ನು 'ಪ್ರಗತಿ' ಎಂದು ಕರೆದಿದ್ದಾರೆ.

ಪದಗಳು ವಿಚಿತ್ರವಾಗಿ ಕೇಳಿಸುತ್ತಿದ್ದರೆ ಕ್ಷಮಿಸಿ. ತಾರೀಖು ಕೂಡ ನಿಮಗೆ ತಪ್ಪೆಂದೇ ಕಾಣಬಹುದು. ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಉಳಿಯುವ ಐದು ದಿನಗಳನ್ನು ಮೇ ತಿಂಗಳ ಕೊನೆಗೆ ಸೇರಿಸಿ, ಯಾರೂ ಯಾವ ಕೆಲಸವನ್ನೂ ಮಾಡಬಾರದ ಸುಡುದಿನಗಳೆಂದು ಬಿಟ್ಟಿದ್ದೇವೆ. ನೀವು ಪ್ಯಾಚ್ ಎನ್ನುವುದನ್ನು ನಾವು ತೇಪೆ ಎನ್ನುತ್ತೇವೆ. ನಿಮ್ಮ ಮೇಲಿಂಗ್ ಲಿಸ್ಟ್ ನಮಗೆ ಓಲೆಸಾಲು. ಬಂದ ತೇಪೆಗಳನ್ನು ಓದಿ, ಒಪ್ಪಿ, ಮೂಲಕ್ಕೆ ಸೇರಿಸುವವರು ಪಾರುಪತ್ತೆಗಾರರು. ನಿಮ್ಮಲ್ಲಿ ಮೇಂಟೇನರ್ ಎಂದಿರುತ್ತದೆ. ಯಾವ ತೇಪೆ ಎಲ್ಲಿಗೆ ಬಂತು ಎಂದು ತೋರಿಸುವ ಪಟ್ಟಿ ಸ್ಥಿತಿಹಲಗೆ. ಅದರ ಹೆಸರು ಮಾತ್ರ ಬದಲಾಗಿದೆ, ಹಲಗೆ ನಿಮ್ಮದೇ. ನೂರ ಅರವತ್ತು ವರ್ಷಗಳಿಂದ ಕೆಲಸ ಮಾಡುತ್ತಿರುವುದನ್ನು ಮುಟ್ಟುವ ಧೈರ್ಯ ಯಾರಿಗೂ ಬಂದಿಲ್ಲ.

ಈ ಕಾಗದವೇ ಒಂದು ಹಿಂದೋಲೆ. ನಮ್ಮ ಕಾಲದ ಪ್ರತಿಯೊಬ್ಬ ನಾಗರಿಕನೂ ಬದುಕಿನಲ್ಲಿ ಒಮ್ಮೆ ಹಿಂದಿನ ಕಾಲಕ್ಕೆ ಒಂದು ಪತ್ರ ಕಳುಹಿಸಬಹುದು. ಹೆಚ್ಚಿನವರು ಅಜ್ಜನಿಗೋ ಮುತ್ತಜ್ಜಿಗೋ ಬರೆಯುತ್ತಾರೆ. ತಲುಪುತ್ತದೆಂಬ ಖಾತ್ರಿ ಇಲ್ಲ. ತಲುಪಿದರೆ ಇಲ್ಲಿ ಏನಾದರೂ ಬದಲಾಗುತ್ತದೆಯೇ ಎಂದು ನಾನು ಹಿಂದೋಲೆ ಇಲಾಖೆಯನ್ನು ಬರೆದು ಕೇಳಿದೆ. 'ನೋಡೋಣ' ಎಂದು ಉತ್ತರ ಬಂತು.

ನಾನು ಈ ಊರಿನ ದಿನಪತ್ರಿಕೆಯ ವರದಿಗಾರ್ತಿ. ನಡೆದದ್ದನ್ನು ನಡೆದ ಕ್ರಮದಲ್ಲಿ ಹೇಳುತ್ತೇನೆ.

ನಮ್ಮ ಬೇಸಿಗೆ ಮಾರ್ಚ್ 11ಕ್ಕೆ ಶುರುವಾಗುತ್ತದೆ. ಅಂದಿನಿಂದ ಜೂನ್‌ವರೆಗೆ ಬೆಳಿಗ್ಗೆ ಹನ್ನೊಂದರಿಂದ ಸಂಜೆ ಐದರ ತನಕ ಬೆಟಗೇರಿಯಲ್ಲಿ ಯಾರೂ ಹೊರಗೆ ಇರುವಂತಿಲ್ಲ. ಬಿಸಿಲು ಐವತ್ತೊಂದು ಡಿಗ್ರಿಗೆ ಹೋಗುತ್ತದೆ. ಸಂತೆ ಮುಂಜಾನೆ ಐದಕ್ಕೆ ನೆರೆದು ಎಂಟೂವರೆಗೆ ಮುಗಿಯುತ್ತದೆ, ಶಾಲೆ ಒಂಬತ್ತಕ್ಕೆ ಬಿಡುತ್ತದೆ, ಮಗ್ಗಗಳು ಹತ್ತಕ್ಕೆ ನಿಲ್ಲುತ್ತವೆ. ತಣ್ಣನೆಯ ಮನೆ ಇಲ್ಲದವರೆಲ್ಲ, ಅಂದರೆ ಊರಿನ ಮುಕ್ಕಾಲು ಪಾಲು ಜನ, ಬುತ್ತಿ ಕಟ್ಟಿಕೊಂಡು ತಮ್ಮ ಓಣಿಯ ತಂಪುಮನೆಗೆ ಬರುತ್ತಾರೆ. ಇದು ದಪ್ಪ ಮಣ್ಣಿನ ಗೋಡೆಗಳ, ನೆಲದಡಿಯಿಂದ ತಂಪುಗಾಳಿ ಬಿಡುವ ದೊಡ್ಡ ಹಜಾರ. ನಾನೂರು ಜನರಿಗೆ ಜಾಗ. ಕಂಬಕ್ಕೆ ಒರಗುವ ಜಾಗಗಳಿಗೆ ದಿನವೂ ಜಗಳ. ಒಂದು ಮೂಲೆಯಲ್ಲಿ ಕೇರಂ, ಇನ್ನೊಂದರಲ್ಲಿ ನೂಲು ಸುತ್ತುವವರು, ನಡುವೆ ರೊಟ್ಟಿ ಗಂಟು ಬಿಚ್ಚಿದವರು. "ಏ ಯಪ್ಪಾ, ಕಾಲ ಮಡಚ್ಕೊ, ನಿಮ್ಮ ಮಾವನ ಮನಿ ಏನ ಇದು?" ಎಂದು ಯಾರೋ ರೇಗುವುದು, "ಮಾವನ ಮನಿಯಾಗ ಇಷ್ಟ ತಂಪ ಎಲ್ಲೈತ್ಯೋ" ಎಂದು ಮಲಗಿದವನು ಕಣ್ಣು ತೆರೆಯದೆ ಹೇಳುವುದು, ಹೀಗೆ ಆರು ತಾಸು ಕಳೆಯುತ್ತದೆ.

ಮುಂಬಾಗಿಲು ಒಳಗೆ ಬಂದವರನ್ನು ಎಣಿಸುತ್ತದೆ. ನಾನೂರು ಆದ ಕೂಡಲೇ ಮುಚ್ಚಿಕೊಳ್ಳುತ್ತದೆ, ಏಕೆಂದರೆ ಅದಕ್ಕಿಂತ ಹೆಚ್ಚು ಜನಕ್ಕೆ ಗಾಳಿ ಸಾಲದು. ಅದನ್ನು ಕೈಯಿಂದ ತೆಗೆಯಲು ಬರುವುದಿಲ್ಲ. ಹಿಂದೆ ಒಂದು ನೂಕುನುಗ್ಗಲಿನಲ್ಲಿ ಮಕ್ಕಳು ಸಿಕ್ಕಿಕೊಂಡ ಮೇಲೆ ಒಳಗಿನ ಚಿಲಕಗಳನ್ನು ಕಿತ್ತುಹಾಕಿದ್ದಾರೆ. ಒಬ್ಬರು ಮುಂಬಾಗಿಲಿನಿಂದ ಹೊರಗೆ ಹೋದರೆ ಎಣಿಕೆ ಒಂದು ಕಡಿಮೆಯಾಗುತ್ತದೆ. ಆದರೆ ಪ್ರತಿ ತಂಪುಮನೆಗೂ ಒಂದು ಹಿಂಬಾಗಿಲಿದೆ. ಅದು ಹೊರಗೆ ಹೋಗಲು ಮಾತ್ರ, ಹೊರಗಿನಿಂದ ತೆರೆಯುವುದಿಲ್ಲ. ಅಲ್ಲಿಂದ ಯಾರನ್ನಾದರೂ ಒಳಗೆ ಬಿಡುವುದು ಅಪರಾಧ. ಅಲ್ಲಿಂದ ಹೋದವರನ್ನು ಬಾಗಿಲಿನ ತಂತ್ರಾಂಶ ಲೆಕ್ಕದಿಂದ ಕಳೆಯುವುದಿಲ್ಲ. ಬರೆದವರು ಮರೆತಿದ್ದರು, ಅಷ್ಟೇ. ಹೆಚ್ಚಿನ ಊರುಗಳಲ್ಲಿ ಹಿಂಬಾಗಿಲನ್ನು ಯಾರೂ ಬಳಸುವುದಿಲ್ಲವಾದ್ದರಿಂದ ತೊಂದರೆ ಕಾಣಲಿಲ್ಲ. ಬೆಟಗೇರಿಯ ಮೂರನೇ ತಂಪುಮನೆಯ ಹಿಂಬಾಗಿಲು ನೇಕಾರ ಓಣಿಗೆ ತೆರೆಯುತ್ತದೆ. ಆ ಓಣಿಯ ಮೇಲೆ ಉದ್ದಕ್ಕೂ ಬಟ್ಟೆಯ ಚಪ್ಪರವಿದೆ. ಮಧ್ಯಾಹ್ನ ಮಗುವಿಗೆ ಹಾಲು, ಮುದುಕರಿಗೆ ಗುಳಿಗೆ ಎಂದು ಮನೆಗೆ ಓಡುವವರೆಲ್ಲ ನೆರಳು ಹಿಡಿದು ಆ ಕಡೆಯಿಂದಲೇ ಹೋಗುತ್ತಾರೆ. ಎರಡು ಗಂಟೆಯ ಹೊತ್ತಿಗೆ ಒಳಗೆ ನೂರಕ್ಕೂ ಹೆಚ್ಚು ಜಾಗ ಖಾಲಿ ಇರುತ್ತದೆ, ಬಾಗಿಲ ಮೇಲೆ 'ತುಂಬಿದೆ' ಎಂದು ಬರೆದಿರುತ್ತದೆ.

ಇದನ್ನು ಮೊದಲು ಕಂಡವರು ಹೂವಕ್ಕ ಮುಳಗುಂದ, ಮೂರನೇ ತಂಪುಮನೆಯ ಬಾಗಿಲು ನೋಡಿಕೊಳ್ಳುವವರು. ಆಗ ಅವರಿಗೆ ಮೂವತ್ತೊಂದು ವರ್ಷ. ದೂರು ಕೊಟ್ಟು ಸುಮ್ಮನಿರಬಹುದಿತ್ತು. ಅವರು ಬಾಗಿಲಿನ ತಂತ್ರಾಂಶವನ್ನು ಇಳಿಸಿಕೊಂಡು, ಓದಲು ಕಲಿತು, ಹಿಂಬಾಗಿಲಿನ ಸಂವೇದಕ ಆಗಲೇ ಕೊಡುತ್ತಿದ್ದ, ಯಾರೂ ಬಳಸದ ಮಾಹಿತಿಯನ್ನು ಎಣಿಕೆಗೆ ಜೋಡಿಸುವ ಹನ್ನೊಂದು ಸಾಲು ಬರೆದರು. 2177ರ ಆಗಸ್ಟ್‌ನಲ್ಲಿ ಓಲೆಸಾಲಿಗೆ ಕಳುಹಿಸಿದರು.

ಮೊದಲನೆಯ ಆವೃತ್ತಿಯನ್ನು ಯಂತ್ರವೇ ಹಿಂದಕ್ಕೆ ಕಳುಹಿಸಿತು. ಅವರ ಅಂಚೆಪೆಟ್ಟಿಗೆ ಸಾಲುಗಳ ಆರಂಭದ ಖಾಲಿ ಜಾಗಗಳನ್ನು ಕೆಡಿಸಿತ್ತು, ಆ ಜಾಗಗಳು ಸರಿಯಿಲ್ಲದಿದ್ದರೆ ತೇಪೆ ಮೂಲಕ್ಕೆ ಹೊಂದುವುದಿಲ್ಲ. ಎರಡನೆಯದಕ್ಕೆ ವಿವರಣೆ ಸಾಲದು ಎಂದು ಓಲೆಸಾಲಿನವರು ಹೇಳಿದರು. ಹೂವಕ್ಕ ಬರೆದರು. ಮೂರನೆಯದಕ್ಕೆ ವಿವರಣೆ ಹೆಚ್ಚಾಯಿತು ಎಂದರು. ಕತ್ತರಿಸಿದರು. ಇದರ ಬಗ್ಗೆ ನನಗೆ ದೂರಿಲ್ಲ, ಹೂವಕ್ಕನಿಗೂ ಇಲ್ಲ. ಎಲ್ಲರ ಕಣ್ಣೆದುರು, ಎಲ್ಲರೂ ಓದುವ ಹಾಗೆ, ಮೂವರು ಗುರುತಿಲ್ಲದವರು ಒಬ್ಬ ಬಾಗಿಲು ಕಾಯುವವಳ ಹನ್ನೊಂದು ಸಾಲನ್ನು ಅಕ್ಷರ ಅಕ್ಷರ ಓದಿ ತಿದ್ದಿದ್ದರು. ನಾಲ್ಕನೆಯ ಆವೃತ್ತಿ ಸರಿಯಾಗಿತ್ತು. ಅದಕ್ಕೆ 2177ರ ನವೆಂಬರ್ 6ರಂದು ಪಾರುಪತ್ತೆಗಾರ ಪ್ರಭುಲಿಂಗ ಅಣ್ಣಿಗೇರಿ ಉತ್ತರ ಬರೆದರು. ಪೂರ್ತಿ ಉತ್ತರ ಇಷ್ಟು: 'ಒಳ್ಳೆಯ ಪ್ರಯತ್ನ. ಮುಂದೆ ನೋಡೋಣ.'

ಇಲ್ಲಿ ಒಂದು ನಿಯಮ ಹೇಳಬೇಕು. ನಿಮ್ಮ ಕಾಲದಲ್ಲಿ ಸ್ಥಿತಿಯನ್ನು ಪಾರುಪತ್ತೆಗಾರರು ಕೈಯಾರೆ ಬದಲಿಸುತ್ತಾರೆ. ನಮ್ಮಲ್ಲಿ ಎಪ್ಪತ್ತು ವರ್ಷಗಳಿಂದ ಆ ಕೆಲಸ ಯಂತ್ರದ್ದು. ಪಾರುಪತ್ತೆಗಾರರ ಉತ್ತರದಲ್ಲಿ ಹಲಗೆಯ ಪದಗಳಲ್ಲಿ ಒಂದು ಬಂದರೆ, ಯಂತ್ರ ಅದನ್ನೇ ಸ್ಥಿತಿಯೆಂದು ದಾಖಲಿಸುತ್ತದೆ. ಹಲಗೆಯಲ್ಲಿ ಐದು ಪದಗಳಿವೆ: ಬಂದಿದೆ, ನೋಡೋಣ, ನೋಡಿದೆ, ಸೇರಿದೆ, ಬೇಡ. ಇವುಗಳಲ್ಲಿ 'ನೋಡೋಣ' ಎಂದರೆ ಒಬ್ಬರು ಈ ತೇಪೆಯನ್ನು ಕೈಗೆತ್ತಿಕೊಂಡು ಓದುತ್ತಿದ್ದಾರೆ ಎಂದು ಅರ್ಥ. ಆ ಸ್ಥಿತಿಯಲ್ಲಿರುವ ತೇಪೆಯನ್ನು ಬೇರೆಯವರು ಓದುವುದಿಲ್ಲ. ಯಂತ್ರ ಹದಿನಾಲ್ಕು ದಿನಕ್ಕೊಮ್ಮೆ ಕಳುಹಿಸುವ ಜ್ಞಾಪನೆ ಅದಕ್ಕೆ ಹೋಗುವುದಿಲ್ಲ. 'ನೋಡೋಣ' ಎಂದವರೇ 'ನೋಡಿದೆ' ಎಂದು ಬರೆಯುವ ತನಕ ಅದು ಅಲ್ಲೇ ಇರುತ್ತದೆ.

ಪ್ರಭುಲಿಂಗ ಅಣ್ಣಿಗೇರಿಯವರ ಮಾತಿನ ಅರ್ಥ ಬೇಡ ಎಂದಿತ್ತು. ಎಲ್ಲೆಡೆ ಹಿಂಬಾಗಿಲಿಗೆ ಹೊಸ ಸಂವೇದಕ ಬೇಕಾದೀತು ಎಂದು ಅವರು ತಪ್ಪಾಗಿ ತಿಳಿದಿದ್ದರು. ಅದನ್ನು ಬರೆದಿದ್ದರೆ ಹೂವಕ್ಕ ಅದೇ ದಿನ 'ಸಂವೇದಕ ಆಗಲೇ ಇದೆ' ಎಂದು ತಿಳಿಸುತ್ತಿದ್ದರು. ಅವರು ಬರೆಯಲಿಲ್ಲ. ಮನಸ್ಸಿಗೆ ನೋವಾದೀತು ಎಂದು ಮೆತ್ತಗೆ ಹೇಳಿದರು. ಯಂತ್ರ ಅದನ್ನು ಓದುತ್ತಿದ್ದೇನೆ ಎಂದು ಬರೆದುಕೊಂಡಿತು. ಹೂವಕ್ಕ ಹಲಗೆ ನೋಡಿ ಹಿರಿಯರು ಓದುತ್ತಿದ್ದಾರೆ ಎಂದು ನಂಬಿದರು. ಮೂವರೂ ತಮ್ಮ ತಮ್ಮ ಲೆಕ್ಕದಲ್ಲಿ ಸರಿಯಾಗಿಯೇ ನಡೆದುಕೊಂಡರು.

ಹೀಗೆ ಹತ್ತು ಬೇಸಿಗೆ ಕಳೆಯಿತು. ಹೂವಕ್ಕ ಎರಡು ಸಲ ಜ್ಞಾಪನೆ ಬರೆದರು, 2179ರಲ್ಲಿ ಮತ್ತು 2183ರಲ್ಲಿ. ಎರಡು ಸಲವೂ ಯಂತ್ರದಿಂದ ಒಂದೇ ಉತ್ತರ: 'ಈ ತೇಪೆಯನ್ನು ಈಗಾಗಲೇ ಒಬ್ಬರು ನೋಡುತ್ತಿದ್ದಾರೆ. ದಯವಿಟ್ಟು ತಾಳ್ಮೆಯಿಂದಿರಿ.' ಅವರು ತಾಳ್ಮೆಯಿಂದಿದ್ದರು. ಅಷ್ಟರಲ್ಲಿ ಬಾಗಿಲ ಹೊರಗೆ ನಿಂತವರಿಗೆ ತಾವೇ ಒಂದು ಉಪಾಯ ಮಾಡಿದ್ದರು. ಒಳಗಿನವರಲ್ಲಿ ಗಟ್ಟಿಮುಟ್ಟಾದ ಒಬ್ಬರನ್ನು ಮುಂಬಾಗಿಲಿನಿಂದ ಹೊರಗೆ ಕಳುಹಿಸುವುದು, ಎಣಿಕೆ ಒಂದು ಇಳಿದಾಗ ಹೊರಗಿದ್ದವರನ್ನು ಒಳಗೆ ಕರೆಯುವುದು, ಹೊರಗೆ ಹೋದವರು ಬಿಸಿಲಿನಲ್ಲೇ ಸುತ್ತಿ ಇನ್ನೊಂದು ತಂಪುಮನೆಗೆ ಓಡುವುದು. ನಾಲ್ಕು ನೂರು ಮೀಟರ್. ಕೇರಂ ಆಡುವ ಹುಡುಗರು ಸರದಿ ಹಾಕಿಕೊಂಡಿದ್ದರು.

ದಿನವೂ ಬರುವವರಲ್ಲಿ ಮೆಹಬೂಬಿ ನದಾಫ ಒಬ್ಬರು. ಐವತ್ತೆಂಟು ವರ್ಷ, ಗಂಡನಿಲ್ಲ, ಕೌದಿ ಹೊಲಿಯುವ ಕೆಲಸ. ಹಳೆ ಸೀರೆಗಳ ತುಂಡು ಜೋಡಿಸಿ, ತೇಪೆಯ ಮೇಲೆ ತೇಪೆ ಹಚ್ಚಿ ಹೊದಿಕೆ ಮಾಡುತ್ತಿದ್ದರು. ಬಾಗಿಲ ಪಕ್ಕವೇ ಕೂರುತ್ತಿದ್ದರು. ಹೂವಕ್ಕನ ತೇಪೆಯ ಸಂಗತಿ ಅವರಿಗೆ ಹತ್ತು ವರ್ಷದ ತಮಾಷೆ.

"ನಿಂದೂ ತ್ಯಾಪಿ, ನಂದೂ ತ್ಯಾಪಿ," ಎನ್ನುತ್ತಿದ್ದರಂತೆ. "ನಂದು ಹನ್ನೊಂದ ದಿನಕ್ಕ ಮುಗದ ಮಂದಿ ಹೊತಗೊಂಡ ಮಕ್ಕೋತಾರ. ನಿಂದ ಯಾವಾಗ ತಂಗಿ?"

"ನೋಡಾಕತ್ತಾರಬೇ ದೊಡ್ಡವರು," ಎಂದು ಹೂವಕ್ಕ.

"ಕಣ್ಣ ಬ್ಯಾನಿ ಬಂದೀತ ಅವರಿಗೆ. ಇಷ್ಟ ನೋಡಿದ್ರ!"

2187ರ ಏಪ್ರಿಲ್ 14ರಂದು ಮೆಹಬೂಬಿ ಹಿಂಬಾಗಿಲಿನಿಂದ ಮನೆಗೆ ಹೋಗಿದ್ದರು. ಹೊಲಿಗೆ ಮುಗಿದ ಕೌದಿಯೊಂದನ್ನು ಒಪ್ಪಿಸಲು ತರಬೇಕಿತ್ತು. ಮರಳಿ ಮುಂಬಾಗಿಲಿಗೆ ಬಂದಾಗ ಎರಡು ಗಂಟೆ ಐದು ನಿಮಿಷ. ಎಣಿಕೆ ನಾನೂರು. ಒಳಗಿದ್ದವರು ಇನ್ನೂರ ಅರವತ್ತಮೂರು. ಈ ಅಂಕಿ ತನಿಖಾ ಸಮಿತಿಯದು, ನನ್ನದಲ್ಲ. ನೂರ ಮೂವತ್ತೇಳು ಜನರನ್ನು ಬಾಗಿಲು ಇನ್ನೂ ಒಳಗಿದ್ದಾರೆಂದು ತಿಳಿದಿತ್ತು, ಮತ್ತು ಆ ನೂರ ಮೂವತ್ತೇಳರಲ್ಲಿ ಒಬ್ಬರು ಸ್ವತಃ ಮೆಹಬೂಬಿ.

ಬಾಗಿಲಿಗೆ ಮುಖದೆತ್ತರದಲ್ಲಿ ಗಾಜಿದೆ. ಒಳಗೆ ಹೂವಕ್ಕ, ಹೊರಗೆ ಮೆಹಬೂಬಿ, ಇಬ್ಬರೂ ಒಬ್ಬರಿಗೊಬ್ಬರು ಕಾಣುತ್ತಿದ್ದರು. ಆ ದಿನ ಸರದಿಯ ಹುಡುಗ ಮೊದಲೇ ಓಡಿ ಆಗಿತ್ತು. ಎರಡನೆಯವನು ಎದ್ದು ಬಂದ. ಆದರೆ ಮುಂಬಾಗಿಲು ಹೊರಗಿನ ಶಾಖ ಐವತ್ತು ದಾಟಿದರೆ ಹೊರಹೋಗಲೂ ಹತ್ತು ನಿಮಿಷ ತಡೆಯುತ್ತದೆ. ಅದು ಇನ್ನೊಂದು ತೇಪೆಯ ಫಲ, ಸರಿಯಾಗಿ ಓದಿ ಸೇರಿಸಿದ್ದು. ಹೂವಕ್ಕ ಗಾಜಿಗೆ ಬಾಯಿಟ್ಟು, "ಒಳಗ ಜಾಗಾ ಐತಿಬೇ, ಬಾಗಲಾ ಒಪ್ಪವಲ್ದು. ಹಿಂದ ಬಾ, ಹಿಂದಿನ ಬಾಗಲಾ ನಾ ಒಳಗಿಂದ ತಗೀತೀನಿ" ಎಂದು ಕೂಗಿದರು. ಮೆಹಬೂಬಿ ತಲೆ ಆಡಿಸಿದರು, ಸುತ್ತಿ ಬರಲು ತಿರುಗಿದರು. ಕಟ್ಟಡದ ಆ ಪಕ್ಕ ನೆರಳಿಲ್ಲ. ಹೂವಕ್ಕ ಹಿಂಬಾಗಿಲು ತೆರೆದು ಹೊರಗೆ ಓಡಿದಾಗ ಅವರು ಗೋಡೆಯ ಮೂಲೆಯಲ್ಲಿ ಬಿದ್ದಿದ್ದರು, ಕೌದಿ ತಲೆಯ ಮೇಲೆ ಎಳೆದುಕೊಂಡು. ಎರಡು ಗಂಟೆ ನಲವತ್ತು ನಿಮಿಷಕ್ಕೆ ತಂಪುಮನೆಯೊಳಗೆ, ಖಾಲಿ ಜಾಗಗಳ ನಡುವೆ, ಪ್ರಾಣ ಹೋಯಿತು.

ತನಿಖೆ ಈ ವರ್ಷದ ಜನವರಿಯಲ್ಲಿ ನಡೆಯಿತು. ಮೂರು ದಿನವೂ ನಾನು ಪತ್ರಿಕೆಯವರ ಬೆಂಚಿನಲ್ಲಿದ್ದೆ. ಪ್ರಭುಲಿಂಗ ಅಣ್ಣಿಗೇರಿಯವರಿಗೆ ಈಗ ಎಪ್ಪತ್ತೊಂದು ವರ್ಷ. ಇಪ್ಪತ್ತನಾಲ್ಕು ವರ್ಷ ಆ ಕೆಲಸ ಮಾಡಿದ್ದಾರೆ. ಅವರ ಬಗ್ಗೆ ಕೆಟ್ಟ ಮಾತು ಆಡುವವರು ಊರಿನಲ್ಲಿ ಸಿಗುವುದಿಲ್ಲ.

"ನೀವು ನೋಡೂಣು ಅಂತ ಬರದಿದ್ರಿ. ನೋಡಿದ್ರೇನು?" ಎಂದು ಅಧ್ಯಕ್ಷೆ ಕೇಳಿದರು.

"ಇಲ್ರಿ. ಯಾಕ ನೋಡ್ಲಿ? ಬ್ಯಾಡ ಅಂದಿದ್ನಲ್ಲ."

"ಎಲ್ಲಿ ಬ್ಯಾಡ ಅಂದೀರಿ?"

"ಅದರಾಗ ಅಂದೀನಲ್ರಿ. ಮುಂದ ನೋಡೂಣು ಅಂದ್ರ ಮತ್ತೇನ್ರಿ ಅರ್ಥ? ಕನ್ಯಾ ನೋಡಾಕ ಬಂದವರು ಉಪ್ಪಿಟ್ಟು ತಿಂದು 'ಊರಿಗೆ ಹೋಗಿ ತಿಳಸ್ತೀವಿ' ಅಂದ್ರ ನೀವು ಹಂದ್ರ ಹಾಕಸ್ತೀರೇನು?"

ಜನ ನಕ್ಕರು. ಅಧ್ಯಕ್ಷೆಯೂ ನಕ್ಕರು. ಹೂವಕ್ಕ ನಗಲಿಲ್ಲ. ಅಧ್ಯಕ್ಷೆ ಅವರನ್ನು ಎಬ್ಬಿಸಿ, ಇಷ್ಟು ಸಾಮಾನ್ಯ ಮಾತು ನಿಮಗೆ ತಿಳಿಯಲಿಲ್ಲವೇ ಎಂದು ಕೇಳಿದರು.

"ಬಾಯಾಗ ಅಂದಿದ್ರ ತಿಳೀತಿತ್ರಿ," ಎಂದರು ಹೂವಕ್ಕ. "ನಮ್ಮತ್ತಿ 'ನೋಡೂಣು' ಅಂದ್ರ ಇಲ್ಲ ಅಂತ ಅರ್ಥ. ನಮ್ಮವ್ವ ಅಂದ್ರ ಹೂಂ ಅಂತ ಅರ್ಥ. ದನೀ ಮ್ಯಾಲ ಗೊತ್ತಾಕ್ಕೈತಿ. ಬರದ ಕಳಿಸಿದ್ದಕ್ಕ ದನಿ ಎಲ್ಲೈತ್ರಿ? ಹಲಗಿ ನೋಡಿದ್ರ ಹಲಗೀನೂ ಅದನ್ನ ಹೇಳತೈತಿ. ಹಿರ್ಯಾರು ನೋಡಾಕತ್ತೀನಿ ಅಂದ ಮ್ಯಾಲ ಬಾಗಲಾ ಬಡಕೋತ ಕುಂಡ್ರಬೇಕೇನ್ರಿ ನಾನು?"

ಪ್ರಭುಲಿಂಗರು ಆಗ ತಲೆ ತಗ್ಗಿಸಿದರು. "ತಪ್ಪಾತ ತಂಗಿ," ಎಂದರು. "ಇಲ್ಲ ಅನ್ನಾಕ ನಾಲಿಗಿ ಬರಲಿಲ್ಲ." ಮೂರು ದಿನಗಳ ತನಿಖೆಯಲ್ಲಿ ಯಾರಾದರೂ ಯಾರಿಗಾದರೂ ಹೇಳಿದ ಕ್ಷಮೆಯ ಮಾತು ಇದೊಂದೇ. ಅವರು ಅಂದೇ ಕೆಲಸ ಬಿಟ್ಟರು.

ಫೆಬ್ರವರಿ 12ರ ಮಧ್ಯಂತರ ವರದಿ ಏನು ಹೇಳುತ್ತದೆ ಕೇಳಿ. 'ತೇಪೆಯು ಘಟನೆಯ ದಿನದವರೆಗೂ ನೋಡೋಣ ಸ್ಥಿತಿಯಲ್ಲಿ, ಅಂದರೆ ಸಕ್ರಿಯ ಪರಿಶೀಲನೆಯಲ್ಲಿ ಇತ್ತು. ಆದ್ದರಿಂದ ಯಾರಿಂದಲೂ ನಿರ್ಲಕ್ಷ್ಯ ನಡೆದಿಲ್ಲ.' ಯಾರೂ ಓದದ ಹತ್ತು ವರ್ಷಗಳು ಸಕ್ರಿಯ ಪರಿಶೀಲನೆ. ಮುಂದಿನ ಪುಟದಲ್ಲಿ: 'ತೇಪೆ ಕಳುಹಿಸಿದವರು ಅದನ್ನು ಹೊಸದಾಗಿ ಕಳುಹಿಸಬಹುದಿತ್ತು.' ಇಡೀ ವರದಿಯಲ್ಲಿ ಒಬ್ಬರ ನಡತೆಯ ಬಗ್ಗೆ ಟೀಕೆ ಇದ್ದರೆ ಅದು ಇದೊಂದೇ. ಸರಿಪಡಿಸಲು ಯತ್ನಿಸಿದ ಒಬ್ಬಳೇ ಒಬ್ಬಳ ಮೇಲೆ.

ಹೂವಕ್ಕ ಹೊಸದಾಗಿ ಕಳುಹಿಸಿದರು. ಐದನೆಯ ಆವೃತ್ತಿ, ಅದೇ ಹನ್ನೊಂದು ಸಾಲು. ಈ ತಪ್ಪು ಈಗಲೂ ರಾಜ್ಯದ ಇನ್ನೂರ ಹನ್ನೆರಡು ತಂಪುಮನೆಗಳ ಬಾಗಿಲುಗಳಲ್ಲಿದೆ. ಹೊಸ ತೇಪೆಗಳನ್ನು ಬಾಗಿಲುಗಳಿಗೆ ಹಚ್ಚುವುದು ವರ್ಷಕ್ಕೊಮ್ಮೆ, ಸೇರಿಕೆಯ ವಾರದಲ್ಲಿ ಮಾತ್ರ. ಪ್ರಭುಲಿಂಗರ ಜಾಗದಲ್ಲಿ ಈಗ ಮೂವರು ಹಂಗಾಮಿ ಪಾರುಪತ್ತೆಗಾರರಿದ್ದಾರೆ. ಅವರಲ್ಲಿ ಒಬ್ಬರು ನಿನ್ನೆ ಉತ್ತರ ಬರೆದರು: 'ಅಂತಿಮ ವರದಿ ಬರಲಿ, ಆಮೇಲೆ ನೋಡೋಣ.' ಯಂತ್ರ ಓದಿತು, ಬರೆದುಕೊಂಡಿತು. ನಾನು ಅವರಿಗೆ ಫೋನ್ ಮಾಡಿದೆ. ಸ್ಥಿತಿ ಬದಲಿಸಿದ್ದು ತಾನಲ್ಲ, ತಾನು ಸುಮ್ಮನೆ ಮಾತಾಡಿದ್ದು ಎಂದರು. ಹಾಗಾದರೆ ಈಗ ಓದಿ 'ನೋಡಿದೆ' ಎಂದು ಬರೆಯಬಹುದಲ್ಲ ಎಂದೆ. ಕೈಗೆತ್ತಿಕೊಳ್ಳದ ತೇಪೆಯನ್ನು ಓದುವುದು ಕ್ರಮವಲ್ಲ ಎಂದರು. ಉಳಿದಿಬ್ಬರಿಗೂ ಮಾಡಿದೆ. ಒಬ್ಬರು ನೋಡುತ್ತಿರುವಾಗ ತಾವು ನೋಡುವುದು ಮರ್ಯಾದೆಯಲ್ಲ ಎಂದರು.

ಆಮೇಲೆ ನಾನು ಹಳೆಯ ಕಡತಗಳಿಗೆ ಹೋದೆ. ಓಲೆಸಾಲಿನ ಒಂದು ಒಳ್ಳೆಯತನವೆಂದರೆ ಅದರಲ್ಲಿ ಏನೂ ಅಳಿಸುವುದಿಲ್ಲ. ಹಲಗೆಗೆ 'ನೋಡೋಣ' ಎಂಬ ಪದ ಎಲ್ಲಿಂದ ಬಂತೆಂದು ಹಿಂದೆ ಹಿಂದೆ ಹುಡುಕುತ್ತ ಹೋದರೆ ಸಿಕ್ಕಿದ್ದು ನೀವು. ನಿಮ್ಮ ಹೆಸರಿನ ಅಕ್ಷರಗಳು ಓದಲಾಗದಂತೆ ಕೆಟ್ಟಿವೆ, ಓಲೆ ಉಳಿದಿದೆ. ಹಲಗೆಯನ್ನು ಕನ್ನಡಕ್ಕೆ ತರುವ ನಿಮ್ಮ ತೇಪೆಯಲ್ಲಿ ಹೀಗೆ ಬರೆದಿದ್ದೀರಿ: 'ಅಂಕಣ ಕಿರಿದು. ಪರಿಶೀಲನೆಯಲ್ಲಿದೆ ಎಂಬುದು ಹಿಡಿಸುತ್ತಿಲ್ಲ, ಕೊನೆ ಕತ್ತರಿಸಿಹೋಗುತ್ತದೆ. ನೋಡೋಣ ಎಂದು ಹಾಕಿದ್ದೇನೆ. ಸರಿಯಾಗಿ ಹಿಡಿಸುತ್ತದೆ.' ಅದಕ್ಕೆ ಇನ್ನೊಬ್ಬರ ಉತ್ತರ: 'ಚೆನ್ನಾಗಿದೆ, ಆಡುಮಾತಿನ ಹಾಗಿದೆ. ನನ್ನ ಒಪ್ಪಿಗೆ.'

ಅಷ್ಟೇ. ಅಂಕಣದ ಅಗಲಕ್ಕೆ ಒಂದು ಪದವನ್ನು ಕತ್ತರಿಸಿ ಹೊಂದಿಸಿದಿರಿ. ಅಂಕಣವನ್ನು ಅಗಲ ಮಾಡುವ ಯೋಚನೆ ಇಬ್ಬರಿಗೂ ಬರಲಿಲ್ಲ. ಆ ಅಂಕಣದ ಅಗಲ ತಂತ್ರಾಂಶದಲ್ಲಿ ಒಂದೇ ಒಂದು ಅಂಕಿ. ನಾನು ನೋಡಿದ್ದೇನೆ. ಅದನ್ನು ಬರೆದವರು ನಿಮ್ಮ ಭಾಷೆ ಓದದವರು, ತಮ್ಮ ಭಾಷೆಯ ಪದದ ಉದ್ದಕ್ಕೆ ಗೆರೆ ಎಳೆದವರು. ಆ ಗೆರೆಯನ್ನು ನೀವು ದೇವರು ಹಾಕಿದ ಗೆರೆಯೆಂದು ತಿಳಿದಿರಿ. ನನಗೆ ಸಿಟ್ಟು ಬಂದದ್ದು ಇಲ್ಲಿ. ನೀವು ಕೆಟ್ಟವರಾಗಿದ್ದರೆ ಬೈದು ಸುಮ್ಮನಾಗುತ್ತಿದ್ದೆ. ನೀವು ಬಿಡುವಿನ ವೇಳೆಯಲ್ಲಿ, ಭಾಷೆಯ ಮೇಲಿನ ಪ್ರೀತಿಯಿಂದ, ಯಾರೂ ಕೇಳದಿದ್ದರೂ ಕೂತು ಈ ಕೆಲಸ ಮಾಡಿದವರು. ಅಂಥವರೇ ಜಾಗ ಕೇಳದೆ ಸರಿದು ಕೂತರೆ ಇನ್ನಾರು ಕೇಳುತ್ತಾರೆ? ಪ್ರಭುಲಿಂಗರೂ ಒಳ್ಳೆಯವರೇ. ಹಂಗಾಮಿ ಮೂವರೂ ಮರ್ಯಾದಸ್ಥರೇ. ಇಷ್ಟೊಂದು ಒಳ್ಳೆಯತನದ ನಡುವೆ ಮೆಹಬೂಬಿ ಗೋಡೆಯ ಮೂಲೆಯಲ್ಲಿ ಕೌದಿ ಹೊದ್ದು ಬಿದ್ದಿದ್ದರು.

'ಪರಿಶೀಲನೆಯಲ್ಲಿದೆ' ಎಂಬುದು ಚೆಂದದ ಪದವಲ್ಲ, ಒಪ್ಪುತ್ತೇನೆ. ಕಚೇರಿಯ ಗೋಡೆಯ ಹಾಗೆ ಇದೆ. ಆದರೆ ಅದನ್ನು ಯಾರೂ ಬಾಯಲ್ಲಿ ಆಡುವುದಿಲ್ಲ. ಮೆತ್ತಗೆ ಇಲ್ಲ ಎನ್ನಲು ಯಾರೂ ಬಳಸುವುದಿಲ್ಲ. ಅತ್ತೆ ಹೇಳಿದರೂ ಅವ್ವ ಹೇಳಿದರೂ ಅದಕ್ಕೆ ಒಂದೇ ಅರ್ಥ. ಯಂತ್ರದ ಹಲಗೆಗೆ ಬೇಕಾದದ್ದು ಅಂಥ ಪದ. ಆಡುಮಾತು ಆಡುವವರ ಬಾಯಲ್ಲಿರಲಿ.

ಕಡತದ ಪ್ರಕಾರ, ಈ ಓಲೆ ತಲುಪುವ ದಿನಕ್ಕೆ ನಿಮ್ಮ ತೇಪೆ ಕಳುಹಿಸಿ ಆರು ದಿನವಾಗಿರುತ್ತದೆ. ಅದು ಸೇರುವುದು ಒಂಬತ್ತನೆಯ ದಿನ. ನಿಮ್ಮಲ್ಲಿ ಮೂರು ದಿನ ಇದೆ. ನನ್ನ ಬೇಡಿಕೆ ಒಂದೇ: ಎರಡನೆಯ ಆವೃತ್ತಿ ಕಳುಹಿಸಿ. ಅಂಕಣದ ಅಗಲದ ಅಂಕಿಯನ್ನು ಎಂಟರಿಂದ ಇಪ್ಪತ್ತು ಮಾಡಿ. ಪೂರ್ತಿ ಪದ ಬರೆಯಿರಿ. ಯಾರಾದರೂ ಯಾಕೆ ಎಂದು ಕೇಳಿದರೆ, ನಮ್ಮ ಪದಗಳು ಉದ್ದ ಎಂದು ಹೇಳಿ. ಮತ್ತು ಯಾರಾದರೂ ನಿಮಗೆ ಮುಂದೆ ನೋಡೋಣ ಎಂದರೆ, ಹೌದೋ ಅಲ್ಲವೋ ಎಂದು ಅದೇ ದಿನ ತಿರುಗಿ ಕೇಳಿ. ಅವರಿಗೆ ಮುಜುಗರವಾಗಲಿ.

ಇಲ್ಲಿಯ ಸಂಗತಿ ಇಷ್ಟು. ಇಂದು ಮಧ್ಯಾಹ್ನ ಹೂವಕ್ಕ ಓಲೆಸಾಲಿಗೆ ಇನ್ನೊಂದು ಓಲೆ ಕಳುಹಿಸಿದ್ದಾರೆ. ಅದರಲ್ಲಿ ತೇಪೆ ಇಲ್ಲ. 'ಮಾರ್ಚ್ 11ರಿಂದ ಮೂರನೇ ತಂಪುಮನೆಯ ಹಿಂಬಾಗಿಲು ಮುಚ್ಚದಂತೆ ನಾನು ಒರಳಿನ ಗುಂಡು ಇಡುತ್ತೇನೆ. ಹೊರಗುಳಿದವರು ಅಲ್ಲಿಂದ ಒಳಗೆ ಬರಲಿ. ತಲೆ ನಾನೇ ಎಣಿಸುತ್ತೇನೆ. ಒಳಗಿನ ಶಾಖ ನಾಲ್ಕು ಡಿಗ್ರಿ ಏರುತ್ತದೆ, ಅಳತೆ ಕೆಳಗಿದೆ. ಇದು ಅಪರಾಧ ಎಂದು ಗೊತ್ತು. ಇದನ್ನು ಯಾರೂ ನೋಡಬೇಕಾಗಿಲ್ಲ. ತಿಳಿಸುತ್ತಿದ್ದೇನೆ.' ಸಂಜೆ ಆರರವರೆಗೆ ಮೂವತ್ತೆಂಟು ತಂಪುಮನೆಗಳ ಬಾಗಿಲು ಕಾಯುವವರು ಅದರ ಕೆಳಗೆ ಒಂದೇ ಪದದ ಉತ್ತರ ಬರೆದಿದ್ದರು: 'ನಾನೂ.' ಆ ಪದ ಹಲಗೆಯ ಐದರಲ್ಲಿ ಇಲ್ಲ. ಯಂತ್ರ ಅದನ್ನು ಯಾವ ಸ್ಥಿತಿಗೂ ಸೇರಿಸಿಲ್ಲ.

ಸೇರಿಕೆಯ ವಾರ ಮಾರ್ಚ್ 4ರ ಬೆಳಿಗ್ಗೆ ಹತ್ತಕ್ಕೆ ತೆರೆದು ಮಾರ್ಚ್ 10ರ ಸಂಜೆ ಐದಕ್ಕೆ ಮುಚ್ಚುತ್ತದೆ. ತಂಪುಮನೆಗಳು ಮಾರ್ಚ್ 11ರಂದು ಬೆಳಿಗ್ಗೆ ಹತ್ತು ಗಂಟೆಗೆ ತೆರೆಯುತ್ತವೆ.